ಗಾಳಿಯಿಂದ ಏಳುವ ಕುಂಭಕರ್ಣ

ಭಾದ್ರಪದದ ಚೌತಿ ಬಂದಿತೆಂದರೆ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಗಳಲ್ಲಿ ಪೆಂಡಾಲುಗಳು ಏಳುತ್ತವೆ. ಹುಬ್ಬಳ್ಳಿಯ ದಾಜಿಬಾನ ಪೇಟೆ, ಮರಾಠಾ ಗಲ್ಲಿ ಮೊದಲಾದೆಡೆಗಳಲ್ಲಿ ಸಂಜೆಯಿಂದ ನಡುರಾತ್ರಿಯವರೆಗೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಗಣಪತಿಯ ದರ್ಶನದ ಜೊತೆಗೆ ಅವರನ್ನು ಸೆಳೆಯುವ ಇನ್ನೊಂದು ವಸ್ತುವೆಂದರೆ ಚಲಿಸುವ ರೂಪಕಗಳು. ರಾಮಾಯಣ, ಮಹಾಭಾರತ, ಪುರಾಣಗಳ ಪ್ರಸಂಗಗಳನ್ನು ಆಳೆತ್ತರದ ಗೊಂಬೆಗಳು ಅಲ್ಲಿ ಅಭಿನಯಿಸಿ ತೋರಿಸುತ್ತವೆ. ತಂದೆಯ ಹೆಗಲೇರಿ ಕುಳಿತ ಮಗು ಆ ಗೊಂಬೆ ಕೈಯೆತ್ತಿದಾಗ ಬೆಚ್ಚಿ, ಮರುಕ್ಷಣವೇ ನಗುತ್ತದೆ.

ಇಂತಹ ಗೊಂಬೆಗಳನ್ನು ಆಡಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಉಪಾಯ ವಿದ್ಯುತ್ ಮೋಟಾರು. ಮೋಟಾರಿನ ಚಕ್ರಕ್ಕೆ ಅಂಚಿನಲ್ಲಿ ಒಂದು ಸರಳನ್ನು ಜೋಡಿಸಿದರೆ ಚಕ್ರ ತಿರುಗಿದಂತೆಲ್ಲ ಸರಳು ಹಿಂದೆ ಮುಂದೆ ಸರಿದು ಗೊಂಬೆಯ ಕೈಯನ್ನು ಏರಿಸಿ ಇಳಿಸುತ್ತದೆ. ಉಪಾಯ ಸುಲಭವಾದುದು. ಆದರೆ ಚಲನೆ ಗಡಿಯಾರದ ಲೋಲಕದಂತೆ ಒಂದೇ ಬಗೆಯದು. ಗೊಂಬೆ ಕೆಲಕಾಲ ಸುಮ್ಮನಿದ್ದು, ಆಮೇಲೆ ಆಕಳಿಸಿ, ಕಣ್ಣು ಬಿಟ್ಟು, ಕೈಯೆತ್ತಬೇಕೆಂದರೆ ಬರಿಯ ಮೋಟಾರು ಸಾಲದು.

ಎರಡು ವರ್ಷಗಳ ಹಿಂದೆ ನಮ್ಮ ಓಣಿಯ ತರುಣರು ಕುಂಭಕರ್ಣನ ಪ್ರಸಂಗವನ್ನು ಆರಿಸಿಕೊಂಡು ನನ್ನ ಬಳಿಗೆ ಬಂದರು. "ಸರ್, ಡೊಳ್ಳು ಬಾರಿಸಿದ ಕೂಡಲೆ ಅಂವ ನಿದ್ದಿಯಿಂದ ಎದ್ದಂಗ ಮಾಡಾಕ ಬರತೈತೇನ್ರಿ?" ಎಂದು ಕೇಳಿದರು. ಸಂಕುಚಿತ ವಾಯುವೂ ಒಂದು ಚಿಕ್ಕ ಗಣಕವೂ ಇದ್ದರೆ ಬರುತ್ತದೆ ಎಂದು ಉತ್ತರಿಸಿದೆ. ಆ ಗೊಂಬೆಯನ್ನು ಕಟ್ಟುವಾಗ ನಾವು ಕಲಿತ ಭೌತಶಾಸ್ತ್ರವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಅದರಲ್ಲಿ ಒಂದು ಪಾಠ ನನಗೇ ತಡವಾಗಿ ತಿಳಿಯಿತು. ಅದನ್ನು ಕೊನೆಯಲ್ಲಿ ಹೇಳುವೆನು.

ಹಳೆಯ ವಿದ್ಯೆ

ಗಾಳಿಯಿಂದ ಯಂತ್ರಗಳನ್ನು ಆಡಿಸುವುದು ಹೊಸ ವಿದ್ಯೆಯೇನೂ ಅಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯದ ಹೀರೋ ಎಂಬಾತನು ಬೆಂಕಿ ಹೊತ್ತಿಸಿದೊಡನೆ ತಾನಾಗಿ ತೆರೆಯುವ ಗುಡಿಯ ಬಾಗಿಲೊಂದನ್ನು ವರ್ಣಿಸಿದ್ದಾನೆ. ಬೆಂಕಿಯಿಂದ ಕಾದು ಹಿಗ್ಗಿದ ಗಾಳಿ ನೀರನ್ನು ಒಂದು ಪಾತ್ರೆಗೆ ತಳ್ಳುತ್ತದೆ. ತುಂಬಿ ಭಾರವಾದ ಪಾತ್ರೆ ಹಗ್ಗವನ್ನೆಳೆದು ಬಾಗಿಲನ್ನು ತೆರೆಯುತ್ತದೆ. ಹನ್ನೊಂದನೆಯ ಶತಮಾನದ ಭೋಜರಾಜನ 'ಸಮರಾಂಗಣ ಸೂತ್ರಧಾರ'ದಲ್ಲಿಯೂ ಯಂತ್ರಗಳಿಗಾಗಿಯೇ ಒಂದು ಅಧ್ಯಾಯವಿದ್ದು, ಚಲಿಸುವ ಗೊಂಬೆಗಳ ಪ್ರಸ್ತಾಪ ಅಲ್ಲಿದೆ. ನಮ್ಮ ಜಾನಪದ ಕಥೆಗಳ ಕೀಲುಕುದುರೆಯನ್ನು ಕೇಳದ ಕನ್ನಡಿಗರಾರು?

ಆಧುನಿಕ ಕಾಲದಲ್ಲಿ ಈ ವಿದ್ಯೆಗೆ ಹೊಸ ರೂಪ ಕೊಟ್ಟವರಲ್ಲಿ ಅಮೆರಿಕದ ವಾಲ್ಟ್ ಡಿಸ್ನಿಯ ತಂಡದವರು ಮುಖ್ಯರು. 1963ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ಅವರು ಹಾಡುವ ಹಕ್ಕಿಗಳ ಒಂದು ಸಭೆಯನ್ನೇ ನಿರ್ಮಿಸಿದರು. ಆ ಹಕ್ಕಿಗಳು ಕೊಕ್ಕು ತೆರೆಯುತ್ತಿದ್ದುದು ಸಂಕುಚಿತ ವಾಯುವಿನಿಂದ. ಯಾವ ಕ್ಷಣದಲ್ಲಿ ಯಾವ ಕೊಕ್ಕು ತೆರೆಯಬೇಕೆಂಬ ಆಜ್ಞೆ ಕಾಂತೀಯ ಪಟ್ಟಿಯ ಮೇಲೆ ಧ್ವನಿಯ ರೂಪದಲ್ಲಿ ಮುದ್ರಿತವಾಗಿರುತ್ತಿತ್ತು. ಅಂದು ದೊಡ್ಡ ಕೋಣೆಯನ್ನು ತುಂಬುವ ಸಲಕರಣೆಗಳು ಮಾಡುತ್ತಿದ್ದ ಆ ಕೆಲಸವನ್ನು ಇಂದು ಅಂಗೈಯಗಲದ ಗಣಕ ಮಾಡುತ್ತದೆ. ಇಟಲಿಯಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಆರ್ಡುಯಿನೊ ಫಲಕ ಅಂಥದೊಂದು.

ಗಾಳಿಯ ಬಲ

ಹುಬ್ಬಳ್ಳಿಯವರಿಗೆ ಸಂಕುಚಿತ ವಾಯುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಿಲ್ದಾಣದಲ್ಲಿ ರೈಲು ನಿಂತಾಗ 'ಸುಸ್ಸ್' ಎಂದು ಕೇಳುವ ಸದ್ದು ಅದರ ಬ್ರೇಕುಗಳಿಂದ ಹೊರಬೀಳುವ ಗಾಳಿಯದು. ಬಂಡಿಗಳ ಉದ್ದಕ್ಕೂ ಹಾಯ್ದಿರುವ ಬ್ರೇಕು ಕೊಳವೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂನಷ್ಟು ಒತ್ತಡವಿರುತ್ತದೆ. ನಮ್ಮ ಗೊಂಬೆಗೆ ಇದಕ್ಕಿಂತ ತುಸು ಕಡಿಮೆಯಾದ 4 ಬಾರ್ ಒತ್ತಡ ಸಾಕು. ಒಂದು ಬಾರ್ ಎಂದರೆ ಸರಿಸುಮಾರು ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಂ ತೂಕ ಹೇರಿದಂತೆ ಎಂದು ತಿಳಿದರೆ ಸಾಕು.

ಗೊಂಬೆಯ ಸ್ನಾಯುವೇ ವಾಯುಸಿಲಿಂಡರು. ಸೈಕಲ್ ಪಂಪನ್ನು ಕಲ್ಪಿಸಿಕೊಳ್ಳಿರಿ. ಪಂಪಿನಲ್ಲಿ ನಾವು ಪಿಸ್ಟನ್ನನ್ನು ಒತ್ತಿ ಗಾಳಿಯನ್ನು ತಳ್ಳುತ್ತೇವೆ. ಇಲ್ಲಿ ಗಾಳಿಯೇ ಪಿಸ್ಟನ್ನನ್ನು ತಳ್ಳುತ್ತದೆ. ಸಿಲಿಂಡರಿನ ಎರಡು ತುದಿಗಳಲ್ಲಿಯೂ ಗಾಳಿಗೆ ದಾರಿಯಿದೆ. ಹಿಂದಿನಿಂದ ಬಿಟ್ಟರೆ ಸರಳು ಹೊರಗೆ ಚಾಚುತ್ತದೆ, ಮುಂದಿನಿಂದ ಬಿಟ್ಟರೆ ಒಳಗೆ ಸರಿಯುತ್ತದೆ.

25 ಮಿಲಿಮೀಟರ್ ಒಳವ್ಯಾಸದ ಸಿಲಿಂಡರನ್ನು ತೆಗೆದುಕೊಳ್ಳೋಣ. ಪಿಸ್ಟನ್ನಿನ ಮುಖದ ವಿಸ್ತೀರ್ಣ 4.9 ಚದರ ಸೆಂಟಿಮೀಟರ್. 4 ಬಾರ್ ಒತ್ತಡದಲ್ಲಿ ಅದರ ಮೇಲೆ ಬೀಳುವ ಬಲ ಸುಮಾರು 196 ನ್ಯೂಟನ್, ಅಂದರೆ 20 ಕಿಲೋಗ್ರಾಂ ತೂಕಕ್ಕೆ ಸಮ. ಇನ್ನೊಂದು ಮುಖದ ನಡುವೆ 10 ಮಿಲಿಮೀಟರ್ ದಪ್ಪದ ಸರಳು ಇರುವುದರಿಂದ ಅಲ್ಲಿ ಗಾಳಿ ತಾಗುವ ವಿಸ್ತೀರ್ಣ 4.1 ಚದರ ಸೆಂಟಿಮೀಟರ್ ಮಾತ್ರ. ಆದ್ದರಿಂದ ಎಳೆಯುವ ಬಲ ತಳ್ಳುವ ಬಲಕ್ಕಿಂತ ಸ್ವಲ್ಪ ಕಡಿಮೆ.

ಇನ್ನು ತೋಳಿನ ಲೆಕ್ಕ. ನಮ್ಮ ಕುಂಭಕರ್ಣನ ತೋಳು 60 ಸೆಂಟಿಮೀಟರ್ ಉದ್ದ. ಕೊಳವೆಯ ಎಲುಬಿಗೆ ಥರ್ಮಾಕೋಲು, ಸ್ಪಂಜುಗಳ ಮಾಂಸ ತೊಡಿಸಿದ್ದರಿಂದ ತೂಕ ಒಂದೂವರೆ ಕಿಲೋಗ್ರಾಂ. ಅದರ ಗುರುತ್ವಕೇಂದ್ರ ಭುಜದಿಂದ 30 ಸೆಂಟಿಮೀಟರ್ ದೂರದಲ್ಲಿದೆ. ಸಿಲಿಂಡರಿನ ಸರಳನ್ನು ಭುಜದ ಕೀಲಿನಿಂದ ಕೇವಲ 5 ಸೆಂಟಿಮೀಟರ್ ದೂರದಲ್ಲಿ ಜೋಡಿಸಿದ್ದೇವೆ. ಸನ್ನೆಕೋಲಿನ ನಿಯಮದಂತೆ, ಅಡ್ಡಲಾಗಿ ಮಲಗಿರುವ ತೋಳನ್ನು ಎತ್ತಲು ಲಂಬವಾಗಿ ತಳ್ಳಿದರೆ 88 ನ್ಯೂಟನ್ ಬೇಕು. ಆರಂಭದಲ್ಲಿ ಸರಳು ಓರೆಯಾಗಿ ತಳ್ಳುವುದರಿಂದ ಸುಮಾರು 100 ನ್ಯೂಟನ್ ಬೇಕಾಗುತ್ತದೆ. ನಮ್ಮಲ್ಲಿ 196 ಇದೆ. ಈ ಮಿಗುಬಲ ಅನವಶ್ಯಕವೆಂದು ತೋರಬಹುದು. ಅದರ ಪ್ರಯೋಜನ ಮುಂದೆ ತಿಳಿಯುವುದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸರಳು 5 ಸೆಂಟಿಮೀಟರ್ ಚಾಚಿದರೆ ತೋಳು 60 ಡಿಗ್ರಿ ಏಳುತ್ತದೆ. ಬೆರಳ ತುದಿ 60 ಸೆಂಟಿಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಅಂದರೆ ಪಿಸ್ಟನ್ನಿನ ವೇಗಕ್ಕಿಂತ ಬೆರಳ ತುದಿಯ ವೇಗ ಸುಮಾರು 12 ಪಟ್ಟು. ಗಾಳಿಯನ್ನು ಲಂಗುಲಗಾಮಿಲ್ಲದೆ ಬಿಟ್ಟು ಪಿಸ್ಟನ್ನು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಚಾಚಿತೆನ್ನೋಣ. ಆಗ ಬೆರಳ ತುದಿಯ ಸರಾಸರಿ ವೇಗ ಸೆಕೆಂಡಿಗೆ 6 ಮೀಟರ್, ಅಂದರೆ ಗಂಟೆಗೆ 21 ಕಿಲೋಮೀಟರಿಗಿಂತ ಹೆಚ್ಚು. ನಮ್ಮ ಮೊದಲ ಪರೀಕ್ಷೆಯಲ್ಲಿ ಹೀಗೆಯೇ ಆಯಿತು. "ಇದು ಏಳೂದಲ್ರಿ ಸರ್, ಹೊಡಿಯೂದು!" ಎಂದು ಒಬ್ಬ ಹುಡುಗ ನಕ್ಕನು.

ಹೊರಹೋಗುವ ಗಾಳಿಯ ಮಹಿಮೆ

ತೋಳನ್ನು ನಿಧಾನಗೊಳಿಸುವುದು ಹೇಗೆ? ಒಳಗೆ ಹೋಗುವ ಗಾಳಿಯ ದಾರಿಯನ್ನು ಇಕ್ಕಟ್ಟುಗೊಳಿಸಬೇಕು ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉತ್ತರ. ನಾವೂ ಹಾಗೆಯೇ ಮಾಡಿದೆವು. ಫಲ ವಿಚಿತ್ರವಾಗಿತ್ತು. ತೋಳು ಕೆಲಕಾಲ ಅಲುಗಲಿಲ್ಲ; ಆಮೇಲೆ ಥಟ್ಟನೆ ಜಿಗಿಯಿತು; ಮತ್ತೆ ನಿಂತಿತು; ಮತ್ತೆ ಜಿಗಿಯಿತು. ಇದಕ್ಕೆ ಕಾರಣ ಘರ್ಷಣೆಯ ಸ್ವಭಾವ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಸರಿಯುತ್ತಿರುವುದನ್ನು ಸರಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಪಿಸ್ಟನ್ನಿನ ಹಿಂದೆ ಗಾಳಿ ಮೆಲ್ಲಮೆಲ್ಲನೆ ಸೇರುತ್ತ ಒತ್ತಡ ಸಾಕಷ್ಟು ಏರಿದಾಗ ಪಿಸ್ಟನ್ನು ಕದಲುತ್ತದೆ. ಕದಲಿದೊಡನೆ ತಡೆ ಕಡಿಮೆಯಾಗುತ್ತದೆ. ಸುರುಳಿಯಂತೆ ಅದುಮಿದ್ದ ಗಾಳಿ ಹಿಗ್ಗಿ ಅದನ್ನು ಮುಂದಕ್ಕೆ ನೂಕಿಬಿಡುತ್ತದೆ. ಎದುರಿನಿಂದ ತಡೆಯುವವರು ಯಾರೂ ಇಲ್ಲ.

ಸರಿಯಾದ ಮಾರ್ಗ ಇದಕ್ಕೆ ವಿರುದ್ಧವಾದುದು. ಒಳಬರುವ ಗಾಳಿಯನ್ನು ಧಾರಾಳವಾಗಿ ಬಿಟ್ಟು, ಎದುರು ಬದಿಯಿಂದ ಹೊರಹೋಗುವ ಗಾಳಿಯನ್ನು ತಡೆಯಬೇಕು. ಆಗ ಪಿಸ್ಟನ್ನಿನ ಎರಡು ಬದಿಗಳಲ್ಲಿಯೂ ಒತ್ತಡದ ಗಾಳಿ ಇರುತ್ತದೆ. ಹಿಂದಿನ ಗಾಳಿ ತಳ್ಳುತ್ತದೆ. ಮುಂದಿನ ಗಾಳಿ ಮೆತ್ತನೆಯ ಹಾಸಿಗೆಯಂತೆ ಎದುರೊತ್ತುತ್ತದೆ. ಇಳಿಜಾರಿನಲ್ಲಿ ಬಂಡಿಯನ್ನು ಬಿಡುವಾಗ ಹಿಂದಿನಿಂದ ಹಗ್ಗ ಹಿಡಿದು ಬಿಡುವಂತೆ ಇದು.

ಈ ಹಾಸಿಗೆಯ ಒತ್ತಡವನ್ನು ಲೆಕ್ಕಹಾಕಬಹುದು. 196 ನ್ಯೂಟನ್ನಿನಲ್ಲಿ ತೋಳಿಗೆ 100, ತಿಕ್ಕಾಟಕ್ಕೆ ಸುಮಾರು 20 ಹೋದರೆ 76 ನ್ಯೂಟನ್ ಉಳಿಯುತ್ತದೆ. ಅದನ್ನು 4.1 ಚದರ ಸೆಂಟಿಮೀಟರಿನ ಮುಖದ ಮೇಲೆ ಎದುರು ಬದಿಯ ಗಾಳಿ ಹೊರಬೇಕು. ಆದ್ದರಿಂದ ಅದರ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 1.8 ಬಾರ್ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಹುಬ್ಬಳ್ಳಿಯಲ್ಲಿ ವಾತಾವರಣದ ಒತ್ತಡ ಸುಮಾರು 0.94 ಬಾರ್. ಹೀಗಾಗಿ ಸಿಲಿಂಡರಿನೊಳಗಿನ ನಿಜವಾದ ಒತ್ತಡ ಹೊರಗಿನದರ ಹೆಚ್ಚುಕಡಿಮೆ ಮೂರು ಪಟ್ಟು.

ಇಲ್ಲಿಯೇ ಅನಿಲಗಳ ಒಂದು ಸೊಗಸಾದ ಗುಣ ನಮ್ಮ ನೆರವಿಗೆ ಬರುತ್ತದೆ. ಒಳಗಿನ ಒತ್ತಡ ಹೊರಗಿನದರ ಸುಮಾರು 1.9 ಪಟ್ಟಿಗಿಂತ ಹೆಚ್ಚಾಗಿರುವವರೆಗೆ, ರಂಧ್ರದ ಅತ್ಯಂತ ಕಿರಿದಾದ ಎಡೆಯಲ್ಲಿ ಗಾಳಿ ಅಲ್ಲಿಯ ಶಬ್ದವೇಗವನ್ನು ಮುಟ್ಟುತ್ತದೆ, ಅದನ್ನು ಮೀರಲಾರದು. ಒತ್ತಡವನ್ನು ಹೆಚ್ಚಿಸಿದರೆ ಗಾಳಿಯ ಸಾಂದ್ರತೆ ಹೆಚ್ಚಾದೀತೇ ಹೊರತು, ಒಂದು ಸೆಕೆಂಡಿಗೆ ಸಿಲಿಂಡರಿನಿಂದ ಖಾಲಿಯಾಗುವ ಘನ ಅಳತೆ ಬದಲಾಗದು. ಆದುದರಿಂದ ಪಿಸ್ಟನ್ನಿನ ವೇಗ ಒತ್ತಡವನ್ನು ಅವಲಂಬಿಸದೆ ರಂಧ್ರದ ಗಾತ್ರವನ್ನು ಮಾತ್ರ ಅವಲಂಬಿಸುತ್ತದೆ. ತೋಳು ಮೇಲೇರಿದಂತೆ ಅದರ ಭಾರದ ಪರಿಣಾಮ ಕಡಿಮೆಯಾಗುತ್ತದೆ, ಎದುರು ಬದಿಯ ಒತ್ತಡ ಹೆಚ್ಚುತ್ತದೆ. ಆದರೂ ವೇಗ ಒಂದೇ ಸಮನಾಗಿರುತ್ತದೆ. ಮಿಗುಬಲ ಏಕೆ ಬೇಕಾಗಿತ್ತೆಂಬುದು ಈಗ ಸ್ಪಷ್ಟವಾಗುವುದು. ಅದಿಲ್ಲದಿದ್ದರೆ ಎದುರೊತ್ತುವ ಗಾಳಿಗೆ ಬೇಕಾದ ಒತ್ತಡವೇ ಉಳಿಯುತ್ತಿರಲಿಲ್ಲ.

ರಂಧ್ರ ಎಷ್ಟು ದೊಡ್ಡದಿರಬೇಕು? ಸಾಮಾನ್ಯ ಉಷ್ಣತೆಯಲ್ಲಿ, ರಂಧ್ರದ ಪ್ರತಿ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಸುಮಾರು 200 ಘನ ಸೆಂಟಿಮೀಟರಿನಷ್ಟು ಸಿಲಿಂಡರಿನ ಗಾಳಿ ಖಾಲಿಯಾಗುತ್ತದೆ. ನಮ್ಮ ಪಿಸ್ಟನ್ನಿನ ಎದುರಿಗೆ ಇರುವುದು ಸುಮಾರು 20 ಘನ ಸೆಂಟಿಮೀಟರ್ ಗಾಳಿ. ಅದು ಒಂದೂವರೆ ಸೆಕೆಂಡಿನಲ್ಲಿ ಹೊರಹೋಗಬೇಕಾದರೆ ರಂಧ್ರದ ವ್ಯಾಸ ಸುಮಾರು 0.3 ಮಿಲಿಮೀಟರ್ ಇದ್ದರಾಯಿತು. ತಲೆಗೂದಲಿನ ದಪ್ಪದ ಮೂರರಷ್ಟು! ಸಿಲಿಂಡರಿನ ಬಾಯಿಗೆ ಜೋಡಿಸುವ ವೇಗನಿಯಂತ್ರಕದಲ್ಲಿ ಒಂದು ಮೊನಚಾದ ತಿರುಪಿರುತ್ತದೆ. ಅದು ಹೊರಹೋಗುವ ದಾರಿಯನ್ನು ಕಿರಿದುಗೊಳಿಸುತ್ತದೆ. ಒಳಬರುವ ಗಾಳಿಗೆ ಮಾತ್ರ ಬೇರೊಂದು ಏಕಮುಖ ಕವಾಟ ತೆರೆದುಕೊಳ್ಳುತ್ತದೆ. ಆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ, ಹೊಡೆಯುತ್ತಿದ್ದ ತೋಳು ನಿದ್ದೆಗಣ್ಣಿನ ರಾಕ್ಷಸನ ತೋಳಾಯಿತು. ಗೊಂಬೆಗೆ ಬಲ ಬರುವುದು ಒಳಹೋಗುವ ಗಾಳಿಯಿಂದ. ಜೀವ ಬರುವುದು ಹೊರಹೋಗುವ ಗಾಳಿಯಿಂದ.

ಗಣಕದ ಕಾರ್ಯ

ಗಾಳಿಯನ್ನು ಯಾವ ಬದಿಗೆ ಬಿಡಬೇಕೆಂಬುದನ್ನು ನಿರ್ಧರಿಸುವುದು ಸೊಲೆನಾಯ್ಡ್ ಕವಾಟ. ತಂತಿಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಕಾಂತವಾಗಿ ಕವಾಟದ ನಾಲಗೆಯನ್ನು ಎಳೆಯುತ್ತದೆ, ತೋಳು ಏಳುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗು ನಾಲಗೆಯನ್ನು ಹಿಂದಕ್ಕೆ ತಳ್ಳುತ್ತದೆ, ತೋಳು ಇಳಿಯುತ್ತದೆ. ವಿದ್ಯುತ್ ಕೈಕೊಟ್ಟರೂ ತೋಳು ವಿಶ್ರಾಂತಿಯ ಸ್ಥಾನಕ್ಕೇ ಮರಳುವುದು ಈ ರಚನೆಯ ಗುಣ.

ಸುರುಳಿಗೆ 24 ವೋಲ್ಟಿನಲ್ಲಿ ಸುಮಾರು 0.2 ಆಂಪಿಯರ್ ಬೇಕು. ಗಣಕದ ಫಲಕವಾದರೋ ಅದರ ಹತ್ತನೆಯ ಒಂದು ಭಾಗವನ್ನು ಮಾತ್ರ ಕೊಡಬಲ್ಲುದು. ಆದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರನ್ನು ದ್ವಾರಪಾಲಕನಂತೆ ಇಡುತ್ತೇವೆ. ಗಣಕದ ಸಣ್ಣ ಸನ್ನೆಗೆ ಅದು ದೊಡ್ಡ ಪ್ರವಾಹದ ಬಾಗಿಲನ್ನು ತೆರೆಯುತ್ತದೆ. ಪ್ರವಾಹವನ್ನು ಹಠಾತ್ತನೆ ತಡೆದಾಗ ಸುರುಳಿಯ ಕಾಂತಕ್ಷೇತ್ರ ಕುಸಿದು ಹೆಚ್ಚಿನ ವೋಲ್ಟೇಜು ಹುಟ್ಟುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆ ಹೊಡೆತದಿಂದ ಟ್ರಾನ್ಸಿಸ್ಟರನ್ನು ಕಾಪಾಡಲು ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಜೋಡಿಸಲೇಬೇಕು.

ನಮ್ಮ ಕುಂಭಕರ್ಣನಿಗೆ ಐದು ಸಿಲಿಂಡರುಗಳು: ಹೊಟ್ಟೆ, ದವಡೆ, ರೆಪ್ಪೆ, ತಲೆ ಮತ್ತು ತೋಳಿಗೆ ಒಂದೊಂದು. ಗಣಕದಲ್ಲಿ ಬರೆದಿಡುವುದು ಒಂದು ವೇಳಾಪಟ್ಟಿ ಮಾತ್ರ. ಮೊದಲ 20 ಸೆಕೆಂಡು ಹೊಟ್ಟೆ ಮಾತ್ರ ಏರಿಳಿಯಬೇಕು: ಏರಲು 2 ಸೆಕೆಂಡು, ಇಳಿಯಲು 3. ಆಮೇಲೆ ಡೊಳ್ಳು. ಐದನೆಯ ಪೆಟ್ಟಿಗೆ ರೆಪ್ಪೆ, ಎಂಟನೆಯದಕ್ಕೆ ಆಕಳಿಕೆ, ಹತ್ತನೆಯದಕ್ಕೆ ತೋಳು. ತೋಳು ಏಳಲು ಒಂದೂವರೆ ಸೆಕೆಂಡು ಹಿಡಿಯುವುದರಿಂದ ಆಜ್ಞೆಯನ್ನು ಅಷ್ಟು ಮುಂಚೆಯೇ ಕೊಡಬೇಕು. ಇಲ್ಲವಾದರೆ ರಾಕ್ಷಸನು ತಾಳ ತಪ್ಪಿದ ಭಜನೆಕಾರನಂತೆ ಕಾಣುತ್ತಾನೆ. ಜನ ಹೆಚ್ಚು ಮೆಚ್ಚಿದ್ದು ತೋಳನ್ನಲ್ಲ, ಉಸಿರಾಡುವ ಹೊಟ್ಟೆಯನ್ನು.

ಗಾಳಿಯ ಖರ್ಚು ಕಡಿಮೆಯೇ. ನಮ್ಮ ತೋಳು ಒಮ್ಮೆ ಏರಿ ಇಳಿಯಲು ವಾತಾವರಣದ ಗಾಳಿಯ ಲೆಕ್ಕದಲ್ಲಿ ಸುಮಾರು ಕಾಲು ಲೀಟರ್ ಸಾಕು. ಐದೂ ಸಿಲಿಂಡರುಗಳು ಅಷ್ಟೇ ದೊಡ್ಡವೆಂದು ಎಣಿಸಿ ನಿಮಿಷಕ್ಕೆ ಆರು ಸಲ ಆಡಿಸಿದರೂ ಏಳು ಲೀಟರ್ ಆಸುಪಾಸು. 24 ಲೀಟರಿನ ತೊಟ್ಟಿಯಲ್ಲಿ 8 ಬಾರ್ ತುಂಬಿಟ್ಟರೆ, ಅದು 4 ಬಾರಿಗೆ ಇಳಿಯುವವರೆಗೆ ಹೆಚ್ಚುಕಡಿಮೆ ಕಾಲು ಗಂಟೆ ಕಂಪ್ರೆಸರಿನ ಗದ್ದಲವಿಲ್ಲದೆ ಆಟ ನಡೆಯುತ್ತದೆ. ಆದರೆ ಮಳೆಗಾಲದ ತೇವದ ಗಾಳಿಯನ್ನು ಅದುಮಿದಾಗ ಅದರಲ್ಲಿಯ ಆವಿ ನೀರಾಗಿ ತೊಟ್ಟಿಯ ತಳ ಸೇರುತ್ತದೆ. ದಿನವೂ ತಳದ ತಿರುಪನ್ನು ತೆರೆದು ಅದನ್ನು ಹೊರಹಾಕಬೇಕು.

ತಡವಾಗಿ ಕಲಿತ ಪಾಠ

ಹಬ್ಬದ ಮೂರನೆಯ ದಿನ. ಹಿಂದಿನ ರಾತ್ರಿ ತೊಟ್ಟಿಯನ್ನೂ ಕೊಳವೆಗಳನ್ನೂ ಖಾಲಿಮಾಡಿ ಹೋಗಿದ್ದೆವು. ಸಂಜೆ ಕಂಪ್ರೆಸರನ್ನು ನಡೆಸಿ ತೊಟ್ಟಿಯನ್ನು ತುಂಬಿದೆವು, ನಲ್ಲಿಯನ್ನು ಮಾತ್ರ ತೆರೆದಿರಲಿಲ್ಲ. ಯಾರೋ ಗಣಕವನ್ನು ಮೊದಲೇ ಚಾಲು ಮಾಡಿದ್ದರು. ಒಬ್ಬ ಹುಡುಗನು ಬಗ್ಗಿ ಗೊಂಬೆಯ ಕೊರಳ ಹಾರವನ್ನು ಸರಿಪಡಿಸುತ್ತಿದ್ದನು. ನಾನೇ ನಲ್ಲಿಯನ್ನು ತೆರೆದೆನು. ಕಣ್ಣು ಮಿಟುಕಿಸುವಷ್ಟರಲ್ಲಿ ತೋಳು ಚಾಟಿಯಂತೆ ಮೇಲೆದ್ದು ಅವನ ಮುಖದಿಂದ ಒಂದು ಗೇಣು ದೂರದಲ್ಲಿ ಹಾಯ್ದುಹೋಯಿತು. ಪೆಟ್ಟಾಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಿರುಪು ಸಡಿಲಾಗಿರಲಿಲ್ಲ. ತಪ್ಪು ನನ್ನ ತಿಳಿವಳಿಕೆಯಲ್ಲಿತ್ತು. ತೋಳನ್ನು ನಿಧಾನಗೊಳಿಸುತ್ತಿದ್ದುದು ಎದುರು ಬದಿಯ ಒತ್ತಡದ ಗಾಳಿ ಎಂದೆನಲ್ಲವೇ? ರಾತ್ರಿ ಎಲ್ಲವನ್ನೂ ಖಾಲಿಮಾಡಿದಾಗ ಆ ಗಾಳಿಯೂ ಹೋಗಿತ್ತು. ಗಣಕವಾದರೋ ಗಾಳಿ ಇದೆಯೋ ಇಲ್ಲವೋ ತಿಳಿಯದೆ ತನ್ನ ವೇಳಾಪಟ್ಟಿಯಂತೆ "ಏಳು" ಎಂಬ ಆಜ್ಞೆ ಕೊಡುತ್ತಲೇ ಇತ್ತು. ಆ ಕ್ಷಣದಲ್ಲಿಯೇ ನಾನು ನಲ್ಲಿಯನ್ನು ತೆರೆದೆನು. ತಳ್ಳುವ ಗಾಳಿ ಬಂತು. ಎದುರೊತ್ತುವ ಗಾಳಿ ಇರಲಿಲ್ಲ.

ಮರುದಿನ ನಾಲ್ಕು ತಿದ್ದುಪಡಿಗಳನ್ನು ಮಾಡಿದೆವು. ಮೊದಲನೆಯದು, ಕೊಳವೆಯಲ್ಲಿ ಒತ್ತಡವಿದೆಯೆಂದು ಗಣಕಕ್ಕೆ ತಿಳಿಸುವ ಒತ್ತಡದ ಸ್ವಿಚ್ಚು. ಅದರ ಒಪ್ಪಿಗೆಯಿಲ್ಲದೆ ಯಾವ ಕವಾಟಕ್ಕೂ ಆಜ್ಞೆ ಹೋಗದು. ಒತ್ತಡ ಬಂದ ಮೇಲೆ ಆಟ ವಿಶ್ರಾಂತಿಯ ಸ್ಥಿತಿಯಿಂದಲೇ ಆರಂಭವಾಗುತ್ತದೆ. ಎರಡನೆಯದು, ಮೊದಲು ಗಾಳಿಯನ್ನು ಮೆಲ್ಲನೆ ತುಂಬಿಸಿ ಬಳಿಕ ಪೂರ್ಣ ತೆರೆಯುವ ಕವಾಟ. ಮೂರನೆಯದು, ಒಂದೇ ಏಟಿಗೆ ಕೊಳವೆಗಳ ಗಾಳಿಯನ್ನೆಲ್ಲ ಹೊರಗೆ ಬಿಡುವ ಕೈಕವಾಟ. ಅದನ್ನು ತಿರುಗಿಸದೆ ಯಾರೂ ಗೊಂಬೆಯ ಹತ್ತಿರ ಹೋಗಕೂಡದು. ನಾಲ್ಕನೆಯದು, ತೋಳು ಎಷ್ಟು ದೂರ ಚಾಚೀತೋ ಅದರ ಎರಡರಷ್ಟು ದೂರದಲ್ಲಿ ಹಗ್ಗದ ಬೇಲಿ.

ಇದೇ ಸಂದರ್ಭದಲ್ಲಿ ತೊಟ್ಟಿಯ ಬಗ್ಗೆಯೂ ಎಚ್ಚರದ ಮಾತನ್ನು ಹೇಳಲೇಬೇಕು. 24 ಲೀಟರಿನ ತೊಟ್ಟಿಯಲ್ಲಿ 8 ಬಾರ್ ಒತ್ತಡದ ಗಾಳಿ ಹಠಾತ್ತನೆ ಬಿಚ್ಚಿಕೊಂಡರೆ ಸುಮಾರು 16 ಸಾವಿರ ಜೂಲ್ ಶಕ್ತಿ ಹೊರಬೀಳಬಲ್ಲುದು. 60 ಕಿಲೋಗ್ರಾಂ ತೂಕದ ಮನುಷ್ಯನನ್ನು 27 ಮೀಟರ್ ಎತ್ತರಕ್ಕೆ ಎತ್ತಲು ಸಾಕಾಗುವ ಶಕ್ತಿ ಅದು. ಅಗ್ಗವೆಂದು ನೀರಿನ ಪಿ.ವಿ.ಸಿ. ಕೊಳವೆಗೆ ಮುಚ್ಚಳ ಅಂಟಿಸಿ ಗಾಳಿಯ ತೊಟ್ಟಿ ಮಾಡಿಕೊಳ್ಳುವವರಿದ್ದಾರೆ. ಇದು ಎಂದಿಗೂ ಕೂಡದು. ನೀರು ಅದುಮಿದರೆ ಕುಗ್ಗದು. ಆದ್ದರಿಂದ ನೀರಿನ ಕೊಳವೆ ಒಡೆದಾಗ ನೀರು ಚಿಮ್ಮಿ ನಿಲ್ಲುತ್ತದೆ. ಗಾಳಿ ತುಂಬಿದ ಪಿ.ವಿ.ಸಿ. ಕೊಳವೆಯಾದರೋ ಚೂರುಚೂರಾಗಿ ಸಿಡಿಯುತ್ತದೆ. ಗಾಳಿಗೆಂದೇ ತಯಾರಾದ ಉಕ್ಕಿನ ತೊಟ್ಟಿ ಮತ್ತು ಅದರ ಸುರಕ್ಷಾ ಕವಾಟ ಇವೆರಡರಲ್ಲಿ ಉಳಿತಾಯ ಸಲ್ಲದು.

ಮತ್ತೊಮ್ಮೆ ರೈಲಿನ ಬ್ರೇಕನ್ನು ನೆನೆಯೋಣ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ರಚಿಸಿದ ಮೊದಲ ವಾಯುಬ್ರೇಕಿನಲ್ಲಿ ಗಾಳಿ ಬಂದಾಗ ಬ್ರೇಕು ಬಿಗಿಯುತ್ತಿತ್ತು. ಕೊಳವೆ ಹರಿದರೆ ಬ್ರೇಕೇ ಇಲ್ಲ! 1872ರಲ್ಲಿ ಅವನು ಆ ಕ್ರಮವನ್ನು ತಿರುವುಮುರುವು ಮಾಡಿದನು. ಕೊಳವೆಯಲ್ಲಿ ಒತ್ತಡವಿರುವವರೆಗೆ ಬ್ರೇಕು ಸಡಿಲ. ಒತ್ತಡ ಇಳಿದರೆ ಪ್ರತಿ ಬಂಡಿಯಲ್ಲಿಯೂ ಕೂಡಿಟ್ಟ ಗಾಳಿ ಬ್ರೇಕನ್ನು ಬಿಗಿಯುತ್ತದೆ. ಅಂದಿನಿಂದ ಕೊಳವೆ ಹರಿದರೆ ರೈಲು ತಾನಾಗಿ ನಿಲ್ಲುತ್ತದೆ. ಯಂತ್ರವನ್ನು ರಚಿಸುವವನು ಅದು ಕೆಲಸ ಮಾಡುವಾಗ ಏನಾಗುತ್ತದೆಂದು ಯೋಚಿಸಿದರೆ ಸಾಲದು. ಕೆಲಸ ತಪ್ಪಿದಾಗ, ನಿಂತಾಗ, ಮರಳಿ ಆರಂಭವಾಗುವಾಗ ಏನಾಗುತ್ತದೆಂಬುದನ್ನೂ ಯೋಚಿಸಬೇಕು.

ನಿಮ್ಮ ಓಣಿಯಲ್ಲಿ ಇಂತಹ ಗೊಂಬೆಯನ್ನು ಕಟ್ಟುವ ಹಂಬಲ ನಿಮಗೂ ಇದ್ದರೆ, ಒಂದು ಸಿಲಿಂಡರು, ಒಂದು ಕವಾಟ, ಎರಡು ವೇಗನಿಯಂತ್ರಕಗಳಿಂದ ಆರಂಭಿಸಿರಿ. ತೋಳನ್ನು ಜೋಡಿಸುವ ಮೊದಲು ಬರಿಯ ಸರಳನ್ನು 2 ಬಾರ್ ಒತ್ತಡದಲ್ಲಿ ಆಡಿಸಿ ನೋಡಿರಿ. ತಿರುಪನ್ನು ತಿರುಗಿಸುತ್ತ ವೇಗ ಹೇಗೆ ಬದಲಾಗುತ್ತದೆಂದು ಅಳೆಯಿರಿ. ಈ ವರ್ಷ ನಮ್ಮ ಕುಂಭಕರ್ಣನ ಕೈಕವಾಟದ ಕಾವಲು ಕೆಲಸವನ್ನು ಆ ಹಾರದ ಹುಡುಗನೇ ವಹಿಸಿಕೊಂಡಿದ್ದಾನೆ. ಗಾಳಿ ಪೂರ್ತಿ ಹೊರಗೆ ಹೋದ ಸದ್ದು ಕೇಳುವವರೆಗೆ ಅವನು ನನ್ನನ್ನೂ ಗೊಂಬೆಯ ಹತ್ತಿರ ಬಿಡುವುದಿಲ್ಲ.